ಸವಾರನ ಬೆನ್ನ ಮೇಲಿನ ಸುಳಿ

ಆಗಸ್ಟ್ ೬, ಮಂಗಳವಾರ

ಮಾತಾಡಬಾರದು. ಪಿಸುಗುಟ್ಟಲೂ ಬಾರದು, ಅದು ಇನ್ನೂ ಕೆಟ್ಟದ್ದಂತೆ. ಕೆಮ್ಮು ಬಂದರೆ ಒಂದು ಗುಟುಕು ನೀರು ಕುಡಿದು ನುಂಗಿಕೊಳ್ಳಬೇಕು. ಹೀಗೆ ಮೂರು ವಾರ. ನಿನ್ನೆ ನನ್ನ ಗಂಟಲೊಳಗಿಂದ ಸಾಸಿವೆಯಷ್ಟು ದೊಡ್ಡ ಗಂಟು ತೆಗೆದ ಡಾಕ್ಟರಮ್ಮ ಇವತ್ತು ಮನೆಗೆ ಕಳಿಸುವಾಗ ಹೇಳಿದ್ದು ಇದು. ಹೇಳುವಾಗ ನನ್ನ ಮುಖ ನೋಡಲಿಲ್ಲ, ನಮ್ಮ ಯಜಮಾನರ ಮುಖ ನೋಡಿ ಹೇಳಿದರು, ನಾನೇನೋ ಎಳೆ ಮಗು ಅನ್ನೋ ಹಾಗೆ. ಇವರು ತಲೆಯಾಡಿಸಿದರು. ಇವರಿಗೆ ಅದೊಂದು ಚೆನ್ನಾಗಿ ಬರುತ್ತೆ.

ಇಪ್ಪತ್ತೇಳು ವರ್ಷದಿಂದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೇನೆ. ನಲವತ್ತೈದು ಮಕ್ಕಳಿರುವ ಕ್ಲಾಸಿನಲ್ಲಿ ಕೊನೇ ಬೆಂಚಿನವರೆಗೂ ತ್ರಿಕೋನಗಳನ್ನು ತಲುಪಿಸಿದ ಗಂಟಲು ಇದು. ಪಕ್ಕದ ಕ್ಲಾಸಿನವರೂ ನನ್ನಿಂದಲೇ ಗಣಿತ ಕಲಿತರು ಅಂತ ಸ್ಟಾಫ್ ರೂಮಿನಲ್ಲಿ ನಗುತ್ತಾರೆ. ಮಕ್ಕಳು ನನಗೆ ಲೌಡ್‌ಸ್ಪೀಕರ್ ಮಿಸ್ ಅಂತ ಹೆಸರಿಟ್ಟಿವೆ. ನನಗೆ ಗೊತ್ತಿಲ್ಲ ಅಂದುಕೊಂಡಿವೆ, ಪಾಪ.

ಬಾಗಿಲವರೆಗೂ ಬಂದ ಡಾಕ್ಟರಮ್ಮ ಕೊನೆಗೆ ಒಂದು ಮಾತು ಸೇರಿಸಿದರು. "ದನಿ ವಾಪಸ್ ಬರುತ್ತೆ. ಎಷ್ಟು ಬರುತ್ತೆ ಅಂತ ಈಗಲೇ ಹೇಳೋಕಾಗಲ್ಲ. ಕ್ಲಾಸ್ ತಗೊಳ್ಳೋ ವಿಚಾರ ಆಮೇಲೆ ನೋಡೋಣ." ಈ "ಆಮೇಲೆ ನೋಡೋಣ" ನನಗೆ ಚೆನ್ನಾಗಿ ಗೊತ್ತಿರುವ ಮಾತು. ಫೇಲಾಗಲಿರುವ ಮಕ್ಕಳ ಅಪ್ಪ ಅಮ್ಮಂದಿರಿಗೆ ನಾನು ಹೇಳೋದೂ ಅದನ್ನೇ.

ಅದಕ್ಕೇ ಈ ನೋಟ್‌ಬುಕ್ಕು. ಒಳಗೆ ತುಂಬಿಕೊಂಡಿದ್ದು ಎಲ್ಲಾದರೂ ಒಂದು ಕಡೆ ಹೊರಗೆ ಬರಬೇಕಲ್ಲ, ಇಲ್ಲದಿದ್ದರೆ ಮೂರು ವಾರದಲ್ಲಿ ನಾನು ಸಿಡಿದುಹೋಗುತ್ತೇನೆ.

ಆಗಸ್ಟ್ ೮, ಗುರುವಾರ

ಅತ್ತೆಗೆ ಎಪ್ಪತ್ತೆಂಟು, ಕಿವಿ ಅಷ್ಟಕ್ಕಷ್ಟೆ. ಈ ಮನೆಯಲ್ಲಿ ಅವರಿಗೆ ಕೇಳಿಸುತ್ತಿದ್ದದ್ದು ನನ್ನ ದನಿ ಒಂದೇ. ಮಗ ಮಾತಾಡಿದರೆ ಬಾಯಿ ಅಲ್ಲಾಡೋದು ಮಾತ್ರ ಕಾಣುತ್ತೆ ಅಂತ ಅವರೇ ಹೇಳುತ್ತಾರೆ. ಈಗ ನನಗೆ ಬಾಯಿಲ್ಲ, ಅವರಿಗೆ ಕಿವಿಯಿಲ್ಲ. ಮಧ್ಯೆ ಒಂದು ಸ್ಲೇಟು.

ಬೆಳಿಗ್ಗೆ "ಟೀ ಬೇಕಾ?" ಅಂತ ಬರೆದು ಹಿಡಿದೆ. ಅವರು ಕನ್ನಡಕ ಹುಡುಕಿ, ಒರೆಸಿ, ಹಾಕಿಕೊಂಡು ಓದಿದರು. "ಈಗ ತಾನೇ ಕುಡಿದೆನಲ್ಲಮ್ಮ, ನೀನೇ ಕೊಟ್ಟೆ" ಅಂದರು. ಹೌದು, ಕೊಟ್ಟಿದ್ದೆ. ಬರೀ ಏನಾದರೂ ಹೇಳಬೇಕು ಅನಿಸಿ ಕೇಳಿದ್ದೆ, ಅಷ್ಟೇ.

ಮಧ್ಯಾಹ್ನದ ಹೊತ್ತಿಗೆ ಅವರು ನನ್ನ ಪಕ್ಕ ಬಂದು ಕೂತು ಕೈ ಹಿಡಿದುಕೊಂಡರು. "ನನ್ನ ಮೇಲೆ ಕೋಪಾನೇನಮ್ಮಾ? ಮನೆ ಹೀಗೆ ತಣ್ಣಗಿದ್ರೆ ನಂಗೆ ಹೆದರಿಕೆ ಆಗುತ್ತೆ."

ಆಪರೇಷನ್ನಿನ ಕಥೆಯನ್ನು ಸ್ಲೇಟಿನಲ್ಲಿ ನಾಲ್ಕನೇ ಸಲ ಬರೆದೆ.

ಆಗಸ್ಟ್ ೧೧, ಭಾನುವಾರ

ಮಾಡೋದಕ್ಕೆ ಏನೂ ಉಳಿದಿಲ್ಲ. ಬೀರು ಜೋಡಿಸಿದೆ, ಡಬ್ಬಗಳಿಗೆಲ್ಲ ಚೀಟಿ ಅಂಟಿಸಿದೆ, ಹಳೇ ಪ್ರಶ್ನೆಪತ್ರಿಕೆಗಳನ್ನು ವರ್ಷದ ಪ್ರಕಾರ ಕಟ್ಟಿಟ್ಟೆ. ಕೊನೆಗೆ ಬೇರೆ ದಾರಿ ಕಾಣದೆ ಇವರ ರೂಮಿಗೆ ಹೋದೆ.

ಅದನ್ನು ರೂಮು ಅನ್ನೋದೂ ಜಾಸ್ತಿಯೇ. ಮೊದಲು ಸಾಮಾನು ತುಂಬಿಡುತ್ತಿದ್ದ ಕೋಣೆ. ಒಂದು ಕಿಟಕಿ, ಕಿಟಕಿಯ ಕೆಳಗೆ ಮೇಜು, ಮೇಜಿನ ಮೇಲೆ ದೀಪ, ಭೂತಗನ್ನಡಿ, ಮೂರೇ ಕೂದಲಿನ ಬ್ರಷ್ಷುಗಳು, ಮಾತ್ರೆಯ ಖಾಲಿ ಪಟ್ಟಿಯ ಗುಳಿಗಳಲ್ಲಿ ಬಣ್ಣ. ಸುತ್ತ ಬೊಂಬೆಗಳು. ಹೆಬ್ಬೆರಳುದ್ದದವು. ಎಲ್ಲಾ ಜಪಾನಿನ ಹಳೇ ಕಾಲದ ಯೋಧರು, ಸಮುರಾಯ್‌ಗಳು. ಇವರು ವಾರವಿಡೀ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುತ್ತಾರೆ. ಭಾನುವಾರ ಇಲ್ಲಿ ಕೂತು ಮತ್ತೆ ಅದೇ ಕಣ್ಣು ನೋಯಿಸಿಕೊಳ್ಳುತ್ತಾರೆ. ಇಪ್ಪತ್ತು ವರ್ಷದಿಂದ ಹೀಗೇ. ನಾನು ಒಳಗೆ ಬರುತ್ತಿದ್ದದ್ದು ಗುಡಿಸೋದಕ್ಕೆ, ಇಲ್ಲ ಊಟಕ್ಕೆ ಕರೆಯೋದಕ್ಕೆ. ಕರೆಯೋದಕ್ಕೂ ಅಷ್ಟಾಗಿ ಬರಬೇಕಿರಲಿಲ್ಲ, ಅಡುಗೆಮನೆಯಿಂದಲೇ ಸಾಕಾಗುತ್ತಿತ್ತು.

ಇವರು ತಿರುಗಿ ನೋಡಿ ಗಾಬರಿಯಾದರು. "ಏನಾಯ್ತು? ನೋವಾ?"

ಇಲ್ಲ ಅಂತ ಕೈಯಾಡಿಸಿ ಸ್ಟೂಲಿನ ಮೇಲೆ ಕೂತೆ. ಹತ್ತು ನಿಮಿಷ ಕಳೆಯಿತು. ಇವರು ಮೂರು ಸಲ ಹಿಂತಿರುಗಿ ನೋಡಿದರು, ಇನ್‌ಸ್ಪೆಕ್ಷನ್‌ಗೆ ಅಧಿಕಾರಿ ಬಂದು ಕೂತ ಹಾಗೆ. ಆಮೇಲೆ ಒಂದು ದಪ್ಪ ಪುಸ್ತಕ ನನ್ನ ಕೈಗೆ ಕೊಟ್ಟು, "ಇದನ್ನ ಈ ಪುಟದಲ್ಲಿ ಹೀಗೇ ಹಿಡ್ಕೋತೀಯಾ? ಬೆನ್ನು ಮುರಿದಿದೆ, ಬಿಟ್ರೆ ಮುಚ್ಕೊಳ್ಳುತ್ತೆ" ಅಂದರು.

ಹಿಡಿದುಕೊಂಡೆ. ಗಣಿತದಲ್ಲಿ ಚಿನ್ನದ ಪದಕ ತೆಗೆದವಳು ಈಗ ಪುಸ್ತಕದ ಸ್ಟ್ಯಾಂಡು.

ಆಗಸ್ಟ್ ೧೪, ಬುಧವಾರ

ಇವರು ಅಂಗಡಿಯಿಂದ ಬರುವುದರೊಳಗೆ ಆ ಪುಸ್ತಕ ಸುಮ್ಮನೆ ತಿರುವಿಹಾಕಿದೆ. ಒಂದಲ್ಲ, ಏಳು ಪುಸ್ತಕಗಳಿವೆ. ಎರಡರಲ್ಲಿ ಚಿತ್ರ ಜಾಸ್ತಿ, ಉಳಿದವುಗಳಲ್ಲಿ ಓದೋದೇ ಹೆಚ್ಚು. ಅಂಚುಗಳಲ್ಲೆಲ್ಲ ಇವರ ಇರುವೆಸಾಲಿನ ಅಕ್ಷರ. "ಈ ಕೆಂಪು ಅಲ್ಲ, ಒಂದು ಹನಿ ಕಂದು ಸೇರಿಸು." "ದಾರದ ಹೆಣಿಗೆ ಹತ್ತಿರ ಹತ್ತಿರ, ಇದು ಹಳೇ ಕಾಲದ್ದು." "ಇಲ್ಲಿ ಎರಡು ಪುಸ್ತಕಕ್ಕೂ ಜಗಳ, ಮೂರನೆಯದು ನೋಡು." ಸುಮ್ಮನೆ ಬಣ್ಣ ಬಳಿಯುತ್ತಾರೆ ಅಂದುಕೊಂಡಿದ್ದೆ. ಇವರು ಪರೀಕ್ಷೆಗೆ ಓದುತ್ತಿದ್ದಾರೆ, ಪರೀಕ್ಷೆಯೇ ಇಲ್ಲದ ಪರೀಕ್ಷೆಗೆ.

ಜಪಾನಿನವರು ಕುದುರೆಯ ಬಲಗಡೆಯಿಂದ ಹತ್ತುತ್ತಿದ್ದರಂತೆ. ಯಾರಿಗೆ ಬೇಕು ಈ ವಿಷಯ. ಆದರೂ ಸ್ಲೇಟಿನಲ್ಲಿ ಬರೆದು ಅತ್ತೆಗೆ ತೋರಿಸಿದೆ. "ಬಿದ್ದರೆ ಯಾವ ಕಡೆಯಾದರೇನಮ್ಮಾ" ಅಂದರು.

ಆಗಸ್ಟ್ ೧೮, ಭಾನುವಾರ

ಈ ಮನುಷ್ಯ ಮಾತಾಡುತ್ತಾರೆ!

ಬರೆದು ಇಡಬೇಕಾದ ಸಂಗತಿ, ಅದಕ್ಕೇ ಬರೆಯುತ್ತಿದ್ದೇನೆ. ಬೆಳಿಗ್ಗೆ ಪುಸ್ತಕ ಹಿಡಿದು ಕೂತಿದ್ದೆ. ಇವರು ಮಾಡುತ್ತಿರುವುದು ಒಬ್ಬ ಕುದುರೆ ಸವಾರ. ಅವನ ಬೆನ್ನ ಮೇಲೆ ಏನೋ ದೊಡ್ಡ ಗುಳ್ಳೆ. ಚೀಟಿಯಲ್ಲಿ ಬರೆದೆ: "ಇದೇನು, ಬಲೂನಾ?"

ಬ್ರಷ್ಷು ಕೆಳಗಿಟ್ಟರು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಇವರು ಮಾತಾಡೋಕೆ ಕೈಯಲ್ಲಿದ್ದ ಕೆಲಸ ಕೆಳಗಿಟ್ಟಿದ್ದು ನಾನು ನೋಡಿಲ್ಲ. "ಇದಕ್ಕೆ ಹೊರೊ ಅಂತಾರೆ" ಅಂದರು. ನಾನು ಚೀಟಿಯಲ್ಲಿ, "ಹೊರೋದಕ್ಕೆ ಹೊರೊ ಅನ್ನದೆ ಇನ್ನೇನಂತಾರೆ" ಅಂತ ಬರೆದೆ. ಓದಿ ಎಷ್ಟು ನಕ್ಕರೆಂದರೆ ಬಣ್ಣದ ಪಟ್ಟಿ ಮಗುಚಿತು. ಆಮೇಲೆ ಶುರುವಾಯಿತು. ಬಿದಿರಿನ ಹಂದರ, ಅದರ ಮೇಲೆ ಬಟ್ಟೆ. ಕುದುರೆ ಓಡಿದ ಹಾಗೆ ಗಾಳಿ ತುಂಬಿಕೊಂಡು ಉಬ್ಬುತ್ತಿತ್ತು. ಹಿಂದಿನಿಂದ ಬಂದ ಬಾಣ ಅದರಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಅದನ್ನು ಹೊತ್ತವರು ಮುಖ್ಯವಾಗಿ ದೂತರು, ಒಂದು ಪಡೆಯಿಂದ ಇನ್ನೊಂದು ಪಡೆಗೆ ಸುದ್ದಿ ತಲುಪಿಸುವವರು. ದೂರದಿಂದಲೇ ಗುರುತು ಸಿಗಲಿ ಅಂತ ಬಟ್ಟೆಯ ಮೇಲೆ ಮನೆತನದ ಚಿಹ್ನೆ.

"ಯೋಚನೆ ಮಾಡು," ಅಂದರು ಇವರು, "ಸುತ್ತ ಯುದ್ಧ ನಡೀತಿದೆ, ಎಲ್ಲರೂ ಕತ್ತಿ ಹಿಡ್ಕೊಂಡಿದಾರೆ, ಇವನ ಕೆಲಸ ಮಾತ್ರ ಬೇರೆ. ಇವನು ಒಂದು ಮಾತು ತಗೊಂಡು ಹೋಗ್ತಿದಾನೆ. ಸರಿಯಾದ ಮಾತು, ಸರಿಯಾದ ಕಿವಿಗೆ. ಅಷ್ಟೇ."

ನಾನು ಮಧ್ಯೆ ಮೂರು ಸಲ ಬಾಯಿ ತೆರೆದೆ, ಮೂರು ಸಲವೂ ಮುಚ್ಚಿದೆ. ಮಾತಾಡಲು ಆಗಿದ್ದರೆ ಮೊದಲನೇ ಸಲವೇ ಈ ಕಥೆ ನಿಂತುಹೋಗುತ್ತಿತ್ತೇನೋ. ಊಟದ ಹೊತ್ತು ಮೀರಿತು. ಅತ್ತೆ ಬಾಗಿಲಲ್ಲಿ ಬಂದು ನಿಂತು, "ಇವನ ಬಾಯಿ ಇಷ್ಟು ಹೊತ್ತು ಅಲ್ಲಾಡ್ತಿದೆಯಲ್ಲಾ, ಏನು ತಿಂತಿದಾನೆ?" ಅಂದರು.

ಆಗಸ್ಟ್ ೨೧, ಬುಧವಾರ

ಸ್ಕೂಲಿಂದ ಹೆಡ್‌ಮಿಸ್ಟ್ರೆಸ್ ಬಂದಿದ್ದರು. ನನ್ನ ಕ್ಲಾಸುಗಳನ್ನು ಒಬ್ಬ ಹೊಸ ಟೀಚರಿಗೆ ಕೊಟ್ಟಿದ್ದಾರಂತೆ. ತುಂಬ ಮೆತ್ತಗೆ ಮಾತಾಡುತ್ತಾರಂತೆ, ಆದರೂ ಮಕ್ಕಳು ಸುಮ್ಮನಿರುತ್ತಾರಂತೆ. "ನೀವು ನಿಧಾನಕ್ಕೆ ಬನ್ನಿ, ಆತುರ ಬೇಡ" ಅಂದರು ಹೆಡ್‌ಮಿಸ್ಟ್ರೆಸ್. ನನಗೆ ಕೇಳಿಸಿದ್ದು ಬೇರೆ.

ಅವರು ಹೋದ ಮೇಲೆ ನಾನು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಅಳೋದಕ್ಕೂ ದನಿ ಬೇಕು ಅಂತ ಗೊತ್ತಿರಲಿಲ್ಲ. ಸದ್ದಿಲ್ಲದ ಅಳು ಬೇಗ ಮುಗಿದುಹೋಗುತ್ತೆ.

ಇವತ್ತು ಇಷ್ಟೇ.

ಆಗಸ್ಟ್ ೨೬, ಸೋಮವಾರ

ಮೂರು ವಾರ ಮುಗಿಯಿತು. ಡಾಕ್ಟರಮ್ಮ ಕೊಳವೆ ಇಳಿಸಿ ನೋಡಿ, "ಚೆನ್ನಾಗಿ ಮಾಯ್ತಿದೆ" ಅಂದರು. "ಆ ಅನ್ನಿ" ಅಂದರು. ಆ ಅಂದೆ. ತುಕ್ಕು ಹಿಡಿದ ಗೇಟು ತೆಗೆದ ಹಾಗಾಯಿತು. ನನ್ನದಲ್ಲ ಆ ದನಿ. ಹಿಂದೆ ಯಾರಾದರೂ ನಿಂತಿದ್ದಾರಾ ಅಂತ ನೋಡಿದೆ.

"ದಿನಕ್ಕೆ ಹತ್ತು ನಿಮಿಷ. ಮೆಲ್ಲಗೆ. ಒಂದೇ ಸಲಕ್ಕೆ ಅಲ್ಲ, ಅಷ್ಟಿಷ್ಟೇ. ಕೂಗೋದು ಅಂತೂ ಇನ್ನು ಮರೆತುಬಿಡಿ." ಎಲ್ಲಿವರೆಗೆ ಅಂತ ಚೀಟಿಯಲ್ಲಿ ಕೇಳಿದೆ. "ಕೂಗೋದಾ? ಇನ್ನು ಯಾವತ್ತೂ ಬೇಡ."

ಮನೆಗೆ ಬರುವಾಗ ಮೊದಲ ಮಾತು ಏನಾಗಿರಬೇಕು ಅಂತ ದಾರಿಯುದ್ದಕ್ಕೂ ಯೋಚಿಸಿದೆ. ಮೂರು ವಾರ ಕಾದದ್ದು, ಸ್ವಲ್ಪ ತೂಕದ್ದಿರಬೇಕು ತಾನೇ. ಒಳಗೆ ಬಂದೆ. ಇವರು ಎದುರಿಗೆ ನಿಂತು ಕಾಯುತ್ತಿದ್ದರು, ಅತ್ತೆ ಕಿವಿಗೆ ಕೈ ಹಚ್ಚಿಕೊಂಡು ಕಾಯುತ್ತಿದ್ದರು. ನನ್ನ ಬಾಯಿಂದ ಬಂದದ್ದು: "ಆ ಹಸಿರು ಒಣಗಿತಾ?"

ಕುದುರೆಯ ಹೊದಿಕೆಯ ಹಸಿರು. ಬೆಳಿಗ್ಗೆ ಹೋಗುವಾಗ ಇನ್ನೂ ಹಸಿಯಿತ್ತು, ಧೂಳು ಕೂರುತ್ತೇನೋ ಅಂತ ಒಂದು ಭಯ. ಅಷ್ಟೇ ಕಾರಣ.

ಇವರು ಕನ್ನಡಕ ತೆಗೆದು ಒರೆಸಿಕೊಂಡರು.

ಆಗಸ್ಟ್ ೨೭, ಮಂಗಳವಾರ

ಇವರು ಸವಾರನನ್ನು ಪ್ರದರ್ಶನಕ್ಕೆ ಕಳಿಸುತ್ತಾರಂತೆ. ಸೆಪ್ಟೆಂಬರ್ ಎಂಟನೇ ತಾರೀಕು, ಸಾರ್ವಜನಿಕ ಗ್ರಂಥಾಲಯದ ಮೇಲಿನ ಹಾಲಿನಲ್ಲಿ. ಊರಿನಲ್ಲಿ ಹೀಗೆ ಮಾಡೆಲ್ ಮಾಡುವವರೆಲ್ಲ ತರುತ್ತಾರೆ: ಹಡಗು, ವಿಮಾನ, ರೈಲು. ಅರ್ಜಿಯನ್ನು ನನಗೆ ತೋರಿಸಿದರು, ತಪ್ಪಿದ್ದರೆ ತಿದ್ದಲಿ ಅಂತಲೋ, ಬೇಡ ಅನ್ನಲಿ ಅಂತಲೋ.

"ಇಷ್ಟು ವರ್ಷ ಯಾಕೆ ಕಳಿಸಲಿಲ್ಲ?" ಅಂದೆ. ನಾಲ್ಕು ಸೆಕೆಂಡಿನ ಪ್ರಶ್ನೆ.

"ಹಾಗೇ" ಅಂದರು.

ಸವಾರನ ಕೆಲಸ ಬಹುತೇಕ ಮುಗಿದಿದೆ. ಹೊರೊ ಮೇಲಿನ ಚಿಹ್ನೆಗೇ ಹನ್ನೊಂದು ದಿನ ಹಿಡಿಯಿತು. ನೇರಳೆ ಬಟ್ಟೆಯ ಮೇಲೆ ಚಿನ್ನದ ಸುಳಿ, ಒಂದರ ಬಾಲ ಒಂದು ಹಿಡಿಯಲು ಹೊರಟ ಮೂರು ಹನಿಗಳು. ಉಬ್ಬಿದ ಬಟ್ಟೆಯ ಮೇಲೆ, ಬಟಾಣಿಯಷ್ಟು ಜಾಗದಲ್ಲಿ. ದೊಡ್ಡ ಪುಸ್ತಕದಲ್ಲಿ ಆ ಹೊರೊವನ್ನು ಒಂದು ಹಳೇ ಚಿತ್ರದಿಂದ ಕತ್ತರಿಸಿ ಪುಟದ ತುಂಬ ದೊಡ್ಡದು ಮಾಡಿ ಹಾಕಿದ್ದಾರೆ. ಇವರು ಅದನ್ನೇ ನೋಡಿ ಗೆರೆಗೆ ಗೆರೆ ಇಳಿಸಿದ್ದಾರೆ.

ಆಗಸ್ಟ್ ೨೯, ಗುರುವಾರ

ಬೇಡದ್ದನ್ನು ನೋಡಿಬಿಟ್ಟೆ.

ಸಣ್ಣ ಪುಸ್ತಕವೊಂದರಲ್ಲಿ ಬಟ್ಟೆಬರೆಯ ಅಧ್ಯಾಯ ಓದುತ್ತಿದ್ದೆ. ಜಪಾನಿನಲ್ಲಿ ನಿಲುವಂಗಿಯ ಎಡಭಾಗ ಯಾವಾಗಲೂ ಬಲಭಾಗದ ಮೇಲೆ ಬರಬೇಕು. ಬಲಭಾಗ ಮೇಲೆ ಬರುವ ಹಾಗೆ ಉಡಿಸುವುದು ಹೆಣಕ್ಕೆ ಮಾತ್ರ. ಒಳ್ಳೇ ವಿಷಯ ಅಂತ ಇವರ ಪುಸ್ತಕಗಳ ಚಿತ್ರಗಳಲ್ಲೆಲ್ಲ ಕೊರಳಪಟ್ಟಿ ಹುಡುಕುತ್ತ ಹೋದೆ. ಎಲ್ಲ ಸರಿಯಿತ್ತು. ದೊಡ್ಡ ಪುಸ್ತಕದ ಆ ಪುಟಕ್ಕೆ ಬಂದೆ. ಹೊರೊ, ಸುಳಿ, ಮೂಲೆಯಲ್ಲಿ ಸವಾರನ ಹೆಗಲು, ಚೂರೇ ಚೂರು ಕೊರಳು. ಬಲಭಾಗ ಮೇಲೆ.

ಕುದುರೆ ಓಡಿಸುವ ಹೆಣ? ಹಾಗಿರಲಿಕ್ಕಿಲ್ಲ. ಇವರ ಮೇಜಿನ ಮೇಲಿನ ಪುಟ್ಟ ಕನ್ನಡಿಯನ್ನು ಪುಟದ ಪಕ್ಕ ನಿಲ್ಲಿಸಿದೆ. ಕನ್ನಡಿಯೊಳಗೆ ಕೊರಳು ಸರಿಹೋಯಿತು. ಇನ್ನೊಂದು ಪುಸ್ತಕದಲ್ಲಿ ಆ ಚಿತ್ರ ಪೂರ್ತಿ ಇದೆ, ಅಂಚೆಚೀಟಿಯ ಗಾತ್ರದ್ದು. ಭೂತಗನ್ನಡಿ ಹಿಡಿದು ನೋಡಿದೆ. ಅಲ್ಲಿ ಸುಳಿ ತಿರುಗುವುದೇ ಇನ್ನೊಂದು ಕಡೆಗೆ.

ಪುಸ್ತಕದವರು ದೊಡ್ಡ ಚಿತ್ರವನ್ನು ಕನ್ನಡಿಯಲ್ಲಿ ಕಂಡ ಹಾಗೆ ಎಡ ಬಲ ತಿರುಗಿಸಿ ಅಚ್ಚು ಹಾಕಿಬಿಟ್ಟಿದ್ದಾರೆ. ಇವರ ಹನ್ನೊಂದು ದಿನದ ಸುಳಿ ಉಲ್ಟಾ.

ಮೊದಲಾಗಿದ್ದರೆ ಈ ಹೊತ್ತಿಗೆ ಅಂಗಡಿಗೆ ಫೋನು ಹೋಗಿರುತ್ತಿತ್ತು. ಹತ್ತು ನಿಮಿಷದಲ್ಲಿ ಇನ್ನೂ ಏಳು ಉಳಿದಿತ್ತು. ಯಾಕೋ ಮಾಡಲಿಲ್ಲ. ಗಂಟಲಿಗೆ ಶ್ರಮ ಬೇಡ ಅಂತ.

ಆಗಸ್ಟ್ ೩೦, ಶುಕ್ರವಾರ

ಅತ್ತೆಯ ಹತ್ತಿರ ಸ್ಲೇಟು ಹಿಡಿದು ಕೂತೆ. "ಇವರು ಇಷ್ಟು ವರ್ಷ ಇವನ್ನ ಯಾಕೆ ಯಾರಿಗೂ ತೋರಿಸಲಿಲ್ಲ?"

ಅತ್ತೆ ಓದಿ ಸ್ಲೇಟನ್ನು ನನ್ನ ಮಡಿಲಲ್ಲಿಟ್ಟರು. "ನಿಂಗೆ ನೆನಪಿಲ್ವಾ?"

ಇಲ್ಲ.

"ನಿನ್ನ ಮಗಳ ಹತ್ತನೇ ಹುಟ್ಟಿದಹಬ್ಬ. ಮನೆ ತುಂಬ ಜನ. ಅವನು ಒಂದು ಬೊಂಬೆ ತಂದು ಹಾಲಿನ ಮೇಜಿನ ಮೇಲೆ ಇಟ್ಟಿದ್ದ. ನಾಲ್ಕು ಜನ ಬಗ್ಗಿ ನೋಡ್ತಿದ್ರು. ನೀನು ಅಡುಗೆಮನೆಯಿಂದ ಬಂದು, 'ನಮ್ಮನೇಲಿ ಇಬ್ಬರು ಮಕ್ಕಳು, ಚಿಕ್ಕದು ಓದುತ್ತೆ, ದೊಡ್ಡದು ಬೊಂಬೆ ಆಡುತ್ತೆ' ಅಂದೆ. ಎಲ್ಲ ನಕ್ರು. ಅವನೂ ನಕ್ಕ. ನಂಗೇ ಕೇಳಿಸ್ತು ಅಂದಮೇಲೆ ಇನ್ನು ಯಾರಿಗೆ ಕೇಳಿಸಲಿಲ್ಲ." ನನ್ನ ಕೈ ತಟ್ಟಿ, "ನೀನೇನೂ ಕೆಟ್ಟದ್ದಕ್ಕೆ ಅನ್ನಲಿಲ್ಲಮ್ಮ. ನಿನ್ನ ಮಾತು ನಿನಗಿಂತ ಮುಂದೆ ಓಡುತ್ತೆ, ಅಷ್ಟೇ" ಅಂದರು.

ಮಗಳಿಗೆ ಈಗ ಇಪ್ಪತ್ತೆರಡು. ಬೇರೆ ಊರಿನಲ್ಲಿ ಓದುತ್ತಿದ್ದಾಳೆ. ಹನ್ನೆರಡು ವರ್ಷ.

ನನಗೆ ನೆನಪೇ ಇಲ್ಲ. ಎಷ್ಟು ಯೋಚಿಸಿದರೂ ಆ ದಿನದ ಕೇಕು ನೆನಪಾಗುತ್ತೆ, ಮಾತು ನೆನಪಾಗಲ್ಲ.

ಆಗಸ್ಟ್ ೩೧, ಶನಿವಾರ

ಒಂಬತ್ತು ಚೀಟಿ ಬರೆದು ಹರಿದೆ. "ಸುಳಿ ತಪ್ಪಾಗಿದೆ." ಹರಿದೆ. "ತಪ್ಪು ನಿಮ್ಮದಲ್ಲ, ಪುಸ್ತಕದ್ದು." ಇದೂ ಹರಿದೆ. "ನಿಮ್ಮ ಸವಾರ ಸತ್ತಿದ್ದಾನೆ." ಇದನ್ನು ಬರೆದವಳು ನಾನೇ ಅಂತ ನಾಚಿಕೆಯಾಯಿತು.

ಇವರು ಅಂಗಡಿಯಿಂದ ಬರುವ ಹೊತ್ತಿಗೆ ಮೇಜಿನ ಮೇಲೆ ಎರಡು ಪುಸ್ತಕಗಳನ್ನು ತೆರೆದಿಟ್ಟೆ, ಮುಚ್ಚಿಕೊಳ್ಳದ ಹಾಗೆ ಒಂದರ ಮೇಲೆ ಬಣ್ಣದ ಶೀಶೆ. ಬಟ್ಟೆಯ ಅಧ್ಯಾಯದಲ್ಲಿ ಒಂದು ಕಡ್ಡಿ. ಪಕ್ಕದಲ್ಲಿ ಕನ್ನಡಿ. ಆಮೇಲೆ ಟೀ ಮಾಡೋಕೆ ಹೋದೆ. ಟೀ ಕುದಿದು ಕುದಿದು ಕಷಾಯವಾಯಿತು.

ಮೊದಲು ಏನೂ ಇಲ್ಲ. ಆಮೇಲೆ ಕುರ್ಚಿ ಎಳೆದ ಸದ್ದು. ಆಮೇಲೆ ಏನೇನೂ ಇಲ್ಲ. ಆಮೇಲೆ ನಗು. ನಾನು ಓಡಿದೆ.

"ನೋಡೇ ಇಲ್ಲಿ," ಇವರಿಗೆ ಕಣ್ಣಲ್ಲಿ ನೀರು ಬರುವಷ್ಟು ನಗು, "ಮೂವತ್ತು ವರ್ಷದಿಂದ ಗಾಜಿನ ಎಡ ಬಲ ನೋಡ್ತಿರೋನು ನಾನು! ನನ್ನ ಕಣ್ಣಿಗೇ ಬೀಳಲಿಲ್ಲ! ಈ ಕೊರಳು ಹಿಡಿದೆಯಲ್ಲ, ಹೇಗೆ ಹಿಡಿದೆ? ಇಷ್ಟೇ ಇಷ್ಟಿದೆ!"

"ಬಿಡ್ರೀ," ಅಂದೆ ನನ್ನ ತುಕ್ಕು ದನಿಯಲ್ಲಿ. "ಯಾರಿಗೆ ಗೊತ್ತಾಗುತ್ತೆ. ಚೆನ್ನಾಗಿದೆ. ಹಾಗೇ ಕಳಿಸಿ."

ಇವರು ನಗು ನಿಲ್ಲಿಸಿ ನನ್ನನ್ನೇ ನೋಡಿದರು. "ಅರ್ಧ ಮಾರ್ಕಿಗೆ ಮಕ್ಕಳನ್ನ ಅಳಿಸೋಳು ಹೇಳೋ ಮಾತಾ ಇದು?"

ಅಳಿಸಿ ಮತ್ತೆ ಬರೆಯೋದು ಅಂತ ತೀರ್ಮಾನವಾಯಿತು. ಎಂಟು ದಿನ ಇದೆ. ಮೊದಲು ಹನ್ನೊಂದು ಹಿಡಿದಿತ್ತು.

ಸೆಪ್ಟೆಂಬರ್ ೧, ಭಾನುವಾರ

ಚಿನ್ನದ ಮೇಲೆ ನೇರಳೆ ಬಳಿದರು. ತೆಳ್ಳಗೆ ಒಂದು ಸಲ, ಒಣಗಿದ ಮೇಲೆ ಇನ್ನೊಂದು. ಸುಳಿ ನಿಧಾನಕ್ಕೆ ಮುಳುಗಿಹೋಯಿತು.

ಇವರು ಕಣ್ಣಂದಾಜಿನಲ್ಲೇ ಬರೆಯುತ್ತಾರಂತೆ. ಹನ್ನೊಂದು ದಿನ ಹಿಡಿದದ್ದು ಅದಕ್ಕೇ! ನಾನು ಕಾಗದ, ಕೈವಾರ ತಂದೆ. ದೊಡ್ಡ ವೃತ್ತ, ಅದರೊಳಗೆ ನೂರಿಪ್ಪತ್ತು ಡಿಗ್ರಿಗೊಂದರಂತೆ ಮೂರು ಸಣ್ಣ ವೃತ್ತ, ಅವು ಹನಿಗಳ ತಲೆ. ಬಾಲಕ್ಕೆ ಎರಡು ಕಂಸ. ಕಂಸದ ಕೇಂದ್ರ ಎಲ್ಲಿ ಬರುತ್ತೆ ಅನ್ನೋದೇ ತೊಡಕು. ಮಧ್ಯಾಹ್ನವೆಲ್ಲ ಕೂತು ಹದಿನಾಲ್ಕು ಸಲ ಹಾಕಿದೆ. ಹದಿನೈದನೆಯದು ಕೂತಿತು. ಮೂರು ಹನಿಗಳೂ ಒಂದೇ ತಾಯಿಯ ಮಕ್ಕಳ ಹಾಗೆ.

ಇವರು ಅದನ್ನು ಬೆಳಕಿಗೆ ಹಿಡಿದು ಎಷ್ಟೋ ಹೊತ್ತು ನೋಡಿದರು. "ಗಣಿತ ಇಷ್ಟು ಚೆನ್ನಾಗಿರುತ್ತಾ?" ಅಂದರು.

ಮದುವೆಯಾದಾಗಿನಿಂದ ನಾನು ಹೇಳುತ್ತಿರೋದು ಅದನ್ನೇ. ಬಹುಶಃ ತುಂಬ ಜೋರಾಗಿ ಹೇಳಿದೆ.

ಸೆಪ್ಟೆಂಬರ್ ೫, ಗುರುವಾರ

ಎರಡು ಹನಿ ಆಯಿತು. ಇವರು ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲು ಒಂದು ಗಂಟೆ, ಸಂಜೆ ಬಂದ ಮೇಲೆ ಬೆಳಕಿರುವವರೆಗೆ. ನಾನು ಸವಾರನ ಕಟ್ಟಿಗೆಯ ಪೀಠ ಹಿಡಿದುಕೊಳ್ಳುತ್ತೇನೆ. ಇವರು ಉಸಿರು ಬಿಗಿಹಿಡಿದಾಗ ನಾನೂ ಹಿಡಿಯುತ್ತೇನೆ. ಬ್ರಷ್ಷು ಎತ್ತಿದಾಗ ಇಬ್ಬರೂ ಒಟ್ಟಿಗೆ ಬಿಡುತ್ತೇವೆ. ನಡುವೆ ಅತ್ತೆ ಸೀನಿದರು. ಮೂರನೇ ಹನಿಯ ಬಾಲಕ್ಕೆ ಒಂದು ಕೊಂಬು ಮೂಡಿತು. ಒದ್ದೆ ಕಡ್ಡಿಯಲ್ಲಿ ಒರೆಸಿ ಮತ್ತೆ ಶುರು.

ಸೆಪ್ಟೆಂಬರ್ ೭, ಶನಿವಾರ

ಮುಗಿಯಿತು. ನಮ್ಮ ದೂತ ನಾಳೆ ಹೊರಡುತ್ತಾನೆ.

ಸೆಪ್ಟೆಂಬರ್ ೮, ಭಾನುವಾರ

ಎಲ್ಲ ಸರಿಯಾಗಿ ಬರೆಯಬೇಕು. ಮರೆತುಹೋಗಬಾರದು.

ಹಾಲಿನಲ್ಲಿ ಉದ್ದ ಮೇಜುಗಳು, ಬಿಳೀ ಬಟ್ಟೆ. ರೈಲುಗಳ ಹತ್ತಿರ ಜನವೋ ಜನ. ನಮ್ಮದು ಕಿಟಕಿಯ ಮೇಜು, ಯೋಧರ ಸಾಲು. ಇವರು ಸವಾರನನ್ನು ಇಟ್ಟು, ಎರಡು ಹೆಜ್ಜೆ ಹಿಂದೆ ಹೋಗಿ, ಆಮೇಲೆ ಇನ್ನೂ ಎರಡು ಹೋಗಿ ಕಂಬದ ಮರೆಯಲ್ಲಿ ನಿಂತರು. ಯಾರೋ ಬೇರೆಯವರದ್ದು ನೋಡೋಕೆ ಬಂದವರ ಹಾಗೆ.

ಅದೇ ಮೇಜಿನ ಆ ತುದಿಯಲ್ಲಿ ಒಬ್ಬ ಗಡ್ಡದ ಮನುಷ್ಯ ಇನ್ನೊಬ್ಬ ದೂತನನ್ನು ಇಟ್ಟಿದ್ದರು. ಅದೇ ಹೊರೊ, ಅದೇ ನೇರಳೆ, ಅದೇ ಸುಳಿ. ಅದೇ ಪುಸ್ತಕ ನೋಡಿ ಮಾಡಿದ್ದು ಅಂತ ದೂರದಿಂದಲೇ ಗೊತ್ತಾಯಿತು. ಸುಳಿ ಉಲ್ಟಾ.

ತೀರ್ಪುಗಾರರು ಇಬ್ಬರು, ಜೊತೆಗೆ ಹದಿನೈದಿಪ್ಪತ್ತು ಜನ. ಒಬ್ಬ ತೀರ್ಪುಗಾರರು ಎರಡನ್ನೂ ನೋಡಿ, "ಒಂದೇ ಚಿಹ್ನೆ, ಎರಡು ಕಡೆ ತಿರುಗಿದೆಯಲ್ಲ?" ಅಂದರು. ಗಡ್ಡದವರು ಥಟ್ಟನೆ, "ಅವರದ್ದು ತಪ್ಪು ಸಾರ್. ನನ್ನ ಹತ್ರ ಪುಸ್ತಕ ಇದೆ, ಪುಟ ಸಮೇತ ತೋರಿಸ್ತೀನಿ" ಅಂತ ತೆಗೆದೇಬಿಟ್ಟರು. ಎಲ್ಲರೂ ನಮ್ಮ ದೂತನ ಕಡೆ ತಿರುಗಿ ಅಯ್ಯೋ ಪಾಪ ಅನ್ನೋ ಮುಖ ಮಾಡಿದರು.

ನನ್ನ ನಾಲಿಗೆಯ ಮೇಲೆ ಉತ್ತರ ಕುಣಿಯುತ್ತಿತ್ತು. ಬೆಳಿಗ್ಗೆಯಿಂದ ಒಂದು ಮಾತೂ ಆಡಿರಲಿಲ್ಲ, ಹತ್ತು ನಿಮಿಷ ಪೂರ್ತಿ ಉಳಿದಿತ್ತು. ಕಂಬದ ಕಡೆ ನೋಡಿದೆ. ಇವರ ಮುಖ ಬಿಳಿಚಿತ್ತು. ಏನಕ್ಕೂ ಇರಲಿ ಅಂತ ಚೀಲಕ್ಕೆ ಹಾಕಿಕೊಂಡು ಬಂದಿದ್ದ ನಮ್ಮ ಸಣ್ಣ ಪುಸ್ತಕಗಳನ್ನೂ ಕನ್ನಡಿಯನ್ನೂ ತೆಗೆದು ಇವರ ಕೈಗೆ ಕೊಟ್ಟೆ. ಅಷ್ಟೇ. ಬಾಯಿ ಮುಚ್ಚಿಕೊಂಡಿರೋದು ಇಷ್ಟು ಕಷ್ಟ ಅಂತ ಆಪರೇಷನ್ ಆದ ವಾರದಲ್ಲೂ ಅನಿಸಿರಲಿಲ್ಲ.

ಇವರು ಮುಂದೆ ಬಂದರು. ಮೊದಲ ಎರಡು ವಾಕ್ಯ ಯಾರಿಗೂ ಕೇಳಿಸಲಿಲ್ಲ. ಮೂರನೆಯದಕ್ಕೆ ಜನವೇ ಹತ್ತಿರ ಬಂದರು. "ಈ ಕೊರಳು ನೋಡಿ," ಅಂದರು ಇವರು, ಗಡ್ಡದವರ ಪುಸ್ತಕದ ಮೇಲೇ ಬೆರಳಿಟ್ಟು. ಎಡ, ಬಲ, ಬದುಕಿದವರು, ಸತ್ತವರು. ಕನ್ನಡಿ ನಿಲ್ಲಿಸಿದರು. ಜನ ಒಬ್ಬರ ಹೆಗಲ ಮೇಲೊಬ್ಬರು ಬಗ್ಗಿ ನೋಡಿದರು. "ಓಹ್" ಅಂತ ಯಾರೋ ಅಂದರು. ಅಲ್ಲಿಂದ ಇವರನ್ನು ಯಾರಿಂದಲೂ ನಿಲ್ಲಿಸಲಾಗಲಿಲ್ಲ. ಬಿದಿರು, ಗಾಳಿ, ಬಾಣ, ಸುದ್ದಿ, ಕಾಲು ಗಂಟೆ.

ಗಡ್ಡದವರು ಕನ್ನಡಿಯೊಳಗೆ ನೋಡಿ ನೋಡಿ ಕೊನೆಗೆ, "ಹಾಗಾದ್ರೆ ನಾನು ಆರು ತಿಂಗಳು ಬಣ್ಣ ಬಳಿದದ್ದು ಹೆಣಕ್ಕಾ?" ಅಂದರು. ಜನ ಗೊಳ್ ಎಂದರು. ಅವರ ಕಿವಿ ಕೆಂಪಾಯಿತು. ಆಗ ಇವರು ಕೈ ಎತ್ತಿದರು, ಕ್ಲಾಸು ಸುಮ್ಮನಾಗಿಸುವ ಹಾಗೆ. ಜನ ಸುಮ್ಮನಾದರು.

"ನಗಬೇಡಿ. ಒಂದು ವಾರದ ಹಿಂದೆ ನಂದೂ ಹಾಗೇ ಇತ್ತು. ಅವರ ಕೈ ನೋಡಿ, ಗೆರೆ ನನಗಿಂತ ಚೆನ್ನಾಗಿದೆ. ತಪ್ಪು ಅಚ್ಚು ಹಾಕಿದವರದ್ದು. ನನ್ನ ಹೆಂಡತಿ ಹಿಡಿದಳು, ಇಲ್ಲದಿದ್ರೆ ಎರಡೂ ಒಂದೇ ಕಡೆ ತಿರುಗಿರ್ತಿದ್ವು, ನಾವಿಬ್ಬರೂ ಸರಿ ಅಂದ್ಕೊಂಡು ಮನೆಗೆ ಹೋಗ್ತಿದ್ವಿ."

ಮೊದಲ ಬಹುಮಾನ ಒಂದು ರೈಲು ನಿಲ್ದಾಣಕ್ಕೆ ಹೋಯಿತು. ನಮ್ಮ ದೂತನಿಗೆ ಮೆಚ್ಚುಗೆಯ ಪತ್ರ. ಗಡ್ಡದವರು ಇವರ ಫೋನ್ ನಂಬರ್ ಬರೆದುಕೊಂಡರು, ಮುಂದಿನ ಭಾನುವಾರ ನಮ್ಮನೆಗೆ ಬರುತ್ತಾರೆ. ಬಸ್ಸಿನಲ್ಲಿ ಬರುವಾಗ ಇವರ ಗಂಟಲು ಕಟ್ಟಿಹೋಗಿತ್ತು. ನನ್ನ ಚೀಲದಲ್ಲಿದ್ದ ಗಂಟಲಿನ ಮಾತ್ರೆ ಕೊಟ್ಟೆ.

"ಹುಟ್ಟಿದಹಬ್ಬದ ದಿನ ನಾನು ಅಂದದ್ದು," ಅಂತ ಶುರು ಮಾಡಿದೆ.

"ಗೊತ್ತು ಬಿಡು" ಅಂದರು. ಸ್ವಲ್ಪ ದೂರ ಹೋದ ಮೇಲೆ, "ಅಮ್ಮ ಹೇಳಿದ್ಲಾ?" ಅಂದರು. ಹೂಂ ಅಂದೆ. ಇವರು ನನ್ನ ಚೀಲ ತಾವು ತಗೊಂಡರು. ದೂತ ನನ್ನ ಮಡಿಲಲ್ಲಿದ್ದ.

ಸೆಪ್ಟೆಂಬರ್ ೧೩, ಶುಕ್ರವಾರ

ಡಾಕ್ಟರಮ್ಮನ ತೀರ್ಪು: ದನಿ ಬಂದಿದೆ, ಅರ್ಧ. ಉಳಿದರ್ಧ ಬರಲ್ಲ. ದಿನಕ್ಕೆ ಆರು ಪೀರಿಯಡ್ ಸಾಧ್ಯವಿಲ್ಲ. ಹೆಡ್‌ಮಿಸ್ಟ್ರೆಸ್‌ಗೆ ನಾನೇ ಹೋಗಿ ಹೇಳಿದೆ. ಮೂರು ಪೀರಿಯಡ್ ನನಗೆ, ಮೂರು ಹೊಸ ಟೀಚರಿಗೆ, ಉತ್ತರಪತ್ರಿಕೆ ತಿದ್ದೋದು ಪೂರ್ತಿ ನನ್ನದು ಅಂತಾಯಿತು. ರಾತ್ರಿಯಿಡೀ ಅಳುತ್ತೇನೆ ಅಂದುಕೊಂಡಿದ್ದೆ. ಊಟ ಮಾಡಿದ ಕೂಡಲೇ ನಿದ್ದೆ ಬಂದುಬಿಟ್ಟಿತು.

ಸೆಪ್ಟೆಂಬರ್ ೧೬, ಸೋಮವಾರ

ಆರು ವಾರದ ಮೇಲೆ ಕ್ಲಾಸು. ಲೆಕ್ಕ ಬೋರ್ಡಿನ ಮೇಲೆ ಬರೆದೆ, ವೃತ್ತಕ್ಕೆ ಹೊರಗಿನ ಬಿಂದುವಿನಿಂದ ಸ್ಪರ್ಶಕ. ವಿವರಿಸೋಕೆ ಗಂಟಲು ಉಳಿಸಬೇಕಲ್ಲ, ಅದಕ್ಕೆ ಕಿಟಕಿ ಪಕ್ಕದ ಹುಡುಗಿಯನ್ನು ಕರೆದು ಸೀಮೆಸುಣ್ಣ ಕೊಟ್ಟೆ. ಎರಡು ವರ್ಷದಲ್ಲಿ ಅವಳ ದನಿ ನಾನು ಕೇಳಿದ್ದೇ ಇಲ್ಲ. ಹಾಜರಿಗೂ ಕೈ ಎತ್ತುವವಳು.

ಅವಳು ತಪ್ಪು ದಾರಿ ಹಿಡಿದಳು. ನಾನು ಕಾದೆ. ಇನ್ನೂ ತಪ್ಪು ದಾರಿಗೆ ಹೋದಳು. ಹಿಂದಿನ ಬೆಂಚಿನವನೊಬ್ಬ ಹಾಗಲ್ಲ ಅಂದ. ಹಾಗೇ ಅಂದಳು ಇವಳು. ಮೂರನೆಯ ಯಾರೋ ಎದ್ದರು. ಕ್ಲಾಸೆಲ್ಲ ಎರಡು ಪಕ್ಷವಾಯಿತು. ನಾನು ಕುರ್ಚಿಯಲ್ಲಿ ಕೂತು ನೋಡುತ್ತಿದ್ದೆ. ಗಂಟೆ ಹೊಡೆಯೋಕೆ ಎರಡು ನಿಮಿಷ ಇರುವಾಗ ಆ ಹುಡುಗಿ ಬೋರ್ಡಿನ ಕಡೆ ತಿರುಗಿದಳು. ಮೊದಲ ಗೆರೆಯನ್ನು ತಾನೇ ಅಳಿಸಿದಳು. ತ್ರಿಜ್ಯ ಎಳೆದಳು. "ಅಯ್ಯೋ, ಲಂಬಕೋನ ಇಲ್ಲೇ ಇತ್ತು ಮಿಸ್!" ಅಂದಳು. ಒಳ್ಳೇ ದನಿ ಇದೆ ಅವಳಿಗೆ.

ನಲವತ್ತು ನಿಮಿಷದಲ್ಲಿ ನಾನು ಆಡಿದ್ದು ಆರು ವಾಕ್ಯ. ಈ ಮಕ್ಕಳು ಇಷ್ಟೆಲ್ಲ ಮಾತಾಡೋದು ಯಾವಾಗ ಕಲಿತವೋ. ಹೊಸ ಟೀಚರ ಕೆಲಸವೇ ಇರಬೇಕು, ಸಡಿಲ ಬಿಟ್ಟಿದ್ದಾರೆ. ನಾಳೆ ಅವರನ್ನು ಒಂದು ಮಾತು ಕೇಳಬೇಕು.

ಇವರು ಮುಂದಿನದಕ್ಕೆ ಬಿಲ್ಲುಗಾರನೊಬ್ಬನನ್ನು ಆರಿಸಿದ್ದಾರೆ. ಆ ಬಿಲ್ಲಿನ ಹಿಡಿ ನಟ್ಟನಡುವೆ ಇಲ್ಲ, ಕೆಳಗೆಲ್ಲೋ ಇದೆ. ಹಾಗಿದ್ದರೆ ಬಾಣ ನೆಟ್ಟಗೆ ಹೋಗೋದು ಹೇಗೆ? ಇದು ಲೆಕ್ಕಕ್ಕೆ ಕೂರುತ್ತಿಲ್ಲ. ಕೇಳಿದೆ. ಮೂರು ಪುಸ್ತಕದಲ್ಲಿ ಮೂರು ಕಾರಣ ಇದೆಯಂತೆ, ಮೂರನ್ನೂ ಹೇಳುತ್ತೇನೆ ಬಾ ಅಂತ ರೂಮಿನಿಂದ ಕರೆಯುತ್ತಿದ್ದಾರೆ. ಇನ್ನೂ ಬರೆಯೋದಿತ್ತು. ಇರಲಿ, ಸ್ಟೂಲು ಹಾಕಿದ ಸದ್ದು ಕೇಳಿಸುತ್ತಿದೆ.